ಹೆಜ್ಜೆಗೆ ಎಷ್ಟು ಚಿಪ್ಪು

ಮಾಲ್ದಾರೆಯ ಲೈನ್ ಮನೆಗಳು ಮುಗಿಯುವಲ್ಲಿ ನಮ್ಮ ಅಂಗನವಾಡಿ.
ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಬಿಟ್ಟ ವಾರ,
ಪೈಪಿನ ಜಾಯಿಂಟ್ ಸೋರಿ ಅಂಗಳವೆಲ್ಲ ಕೆಸರು.
ಅದರ ಮೇಲೆ ನಿನ್ನೆ ರಾತ್ರಿ ಒಂದು ಆನೆ
ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ
ನಡೆದು ಹೋಗಿದೆ.

ನಾಲ್ಕು ಹೆಜ್ಜೆ ಬಾಗಿಲ ಕಡೆಗೆ,
ಒಂದು, ಏನೋ ನೆನಪಾದಂತೆ, ಅಡ್ಡಕ್ಕೆ,
ಆಮೇಲೆ ಹಲಸಿನ ಮರದ ಕಡೆಗೆ.

ನಾನು ಬೀಗ ತೆಗೆಯುವ ಮೊದಲೇ
ಮಕ್ಕಳು ಸುತ್ತ ಕೂತಿದ್ದವು, ಒಲೆಯ ಸುತ್ತ ಕೂತ ಹಾಗೆ.
ತೋಲ ಒಳಗಿಳಿದು ನಿಂತ, ಎರಡೂ ಪಾದ.
‘ಇನ್ನೂ ಜಾಗ ಉಂಟು’ ಅಂದ.
ಸೆಲ್ವಿಯೂ ಇಳಿದಳು. ಇನ್ನೂ ಇತ್ತು.
ಮೊಮಿನಾ ಅಸ್ಸಾಮಿನಿಂದ ಬಂದು ಎರಡು ತಿಂಗಳು;
ಅವಳ ಹತ್ತಿರ ಇದ್ದ ಕನ್ನಡ ಮೂರೇ ಮಾತು:
ಮೊಟ್ಟೆ, ಬೇಡ, ನೀರು.
‘ನೀರು’ ಅಂದಳು.

ಅಷ್ಟೇ ಸಾಕಾಯಿತು.
ಗಂಜಿ ಬಡಿಸುವ ತೆಂಗಿನ ಚಿಪ್ಪು, ಒಡೆದ ಮಗ್ಗು,
ಒಬ್ಬನದು ಬರೀ ಬೊಗಸೆ.
ತೊಟ್ಟಿಯಿಂದ ಹೆಜ್ಜೆಗೆ ಹನ್ನೆರಡು ಮಾರು;
ದಾರಿಯಲ್ಲಿ ಅರ್ಧ ನೆಲಕ್ಕೆ, ಕಾಲು ಭಾಗ ಅಂಗಿಗೆ.
ಬೊಗಸೆಯವನು ಮೂರು ಸಲ ಬರಿಗೈಯಲ್ಲಿ ತಲುಪಿದ,
ನಾಲ್ಕನೆಯ ಸಲ ಬೆರಳುಗಳನ್ನು ನೋಡಿದ,
ಒಂದಕ್ಕೊಂದು ಒತ್ತಿ ಹಿಡಿದ.
ನಾನು ಹೇಳಿಕೊಡಬಾರದೆಂದು ತುಟಿ ಕಚ್ಚಿ ನಿಂತಿದ್ದೆ.

ಇಪ್ಪತ್ತರ ಆಚೆ ನಮ್ಮಲ್ಲಿ ಎಣಿಕೆ ಇಲ್ಲ.
ಇಪ್ಪತ್ತಾದರೆ ಒಂದು ಹಲಸಿನ ಬೀಜ ಇಡುವುದು, ಮತ್ತೆ ಒಂದರಿಂದ.
(ಮೊದಲು ಕಾಫಿ ಬೀಜ ಇಡುತ್ತಿದ್ದೆವು.
ಹೋದ ವರ್ಷ ಒಬ್ಬ ಅದನ್ನು ಮೂಗಿನಲ್ಲಿ ಬಿತ್ತಿಕೊಂಡ;
ರೈಟರ್ ಕುಟ್ಟಪ್ಪನ ಜೀಪು, ಸಿದ್ದಾಪುರದ ಡಾಕ್ಟರು, ಒಂದು ಸೀನು.
ಆಮೇಲೆ ಮೂಗಿಗೆ ಹಿಡಿಸದ್ದೇ ನಮ್ಮ ಗಣಿತ.)

ಸೆಲ್ವಿಯ ತಾತ ಹೋದದ್ದು ಹೀಗೇ ಒಂದು ಹೆಜ್ಜೆಯ ಕೊನೆಯಲ್ಲಿ,
ಮೆಣಸಿನ ಬಳ್ಳಿಯ ಬುಡದಲ್ಲಿ, ಏಣಿ ಹೆಗಲ ಮೇಲೆ.
ಎಲ್ಲರಿಗಿಂತ ಹೆಚ್ಚು ನೀರು ತಂದವಳು ಅವಳು.
ಒಂದು ಸಲ ಸುರಿದು, ಬಗ್ಗಿ, ಕೇಳಿದಳು:
‘ತುಂಬಿದರೆ ಅದು ಹೋಗ್ತದಾ?’
ಉತ್ತರ ನನಗೆ ಬರಲಿಲ್ಲ.
ಅವಳು ಕಾಯಲೂ ಇಲ್ಲ, ಚಿಪ್ಪು ಹಿಡಿದು ಓಡಿದಳು.

ಹನ್ನೊಂದಕ್ಕೆ ದಮಯಂತಿ ಮೇಡಂ, ಹೇಳದೆ ಕೇಳದೆ, ಸ್ಕೂಟಿಯಲ್ಲಿ.
‘ಆಟದ ಕಿಟ್ ಎಲ್ಲಿ?’
ಕಪಾಟಿನಲ್ಲಿದೆ ಮೇಡಂ. ಬಂದ ದಿನದ ಪ್ಲಾಸ್ಟಿಕ್ಕಿನೊಳಗೇ ಇದೆ.
ಒಂದು ತುಂಡು ಕಳೆದರೂ ನನ್ನ ಗೌರವಧನದಲ್ಲಿ
ಮುರಿದುಕೊಳ್ಳುವುದು ನೀವೇ ಅಲ್ಲವೇ. (ಇದನ್ನು ಹೇಳಲಿಲ್ಲ.)
ಕತ್ತರಿ ತಂದೆ. ಪೆಟ್ಟಿಗೆ ಉಸಿರು ಬಿಟ್ಟಿತು.
ಫೋಟೋಕ್ಕೆ ಮಕ್ಕಳು ಸಾಲಾಗಿ ಕೂತವು,
ಕೈ ಕಟ್ಟಿ, ಕೆಸರು ಮುಚ್ಚಿಟ್ಟು,
ಎದುರಿಗೆ ಬ್ಲಾಕು, ಮಣಿ, ಒಂದು ನೀಲಿ ಆನೆ.

ಮೇಡಂ ಫೋನು ಒಳಗಿಡುವಷ್ಟರಲ್ಲಿ
ತೋಲ ನೀಲಿ ಆನೆಯನ್ನು ಹೆಜ್ಜೆಗೆ ಬಿಟ್ಟಿದ್ದ.
ತೇಲಿತು.
‘ಮುಳುಗಲ್ಲ! ಇದು ಸುಳ್ಳಾನೆ!’
ಎತ್ತಿ, ಕೆಸರಿಗೆ ಒತ್ತಿ, ತೆಗೆದ.
ಒಳಗೆ ಟೊಳ್ಳಾದ ಕಾಲು,
ನೆಲದ ಮೇಲೆ ನಾಲ್ಕು ಸೊನ್ನೆ.

ಸೊನ್ನೆ ಏನೆಂದು ತೋರಿಸಲು ಎರಡು ವಾರ ಒದ್ದಾಡಿದ್ದೆ;
ಬರಿ ತಟ್ಟೆ, ಬರಿ ಬುಟ್ಟಿ, ಹಾರಿಹೋದ ಗುಬ್ಬಿ.
ಈಗ ಮೊಮಿನಾ ಒಂದೊಂದರೊಳಗೂ ಕಿರುಬೆರಳಿಟ್ಟು ನೋಡಿ
ಏನಿಲ್ಲವೆಂದು ಖಾತ್ರಿ ಮಾಡಿಕೊಂಡು
ನಮ್ಮೆಲ್ಲರಿಗೂ ಹೇಳಿದಳು: ‘ಬೇಡ.’

ಮೇಡಂ ಸೀರೆ ಎತ್ತಿ ಹಿಡಿದು ದಡದಲ್ಲಿ ನಿಂತಿದ್ದರು.
ಕಲಿಕೆಯ ಅಂಶ ಏನೆಂದು ಕೇಳುತ್ತಾರೆಂದು
ನಾನು ‘ಗಾತ್ರದ ಪರಿಕಲ್ಪನೆ’ ಎಂದು ಬಾಯಲ್ಲೇ ಇಟ್ಟುಕೊಂಡಿದ್ದೆ.
ಅವರು ಕೇಳಿದ್ದು, ‘ಎಷ್ಟು ಚಿಪ್ಪು ಹಿಡೀತು?’

ಮೂರು ಬೀಜ, ಮೇಲೆ ಏಳು.
ಅದರಲ್ಲೂ ಮಣ್ಣು ಕುಡಿದದ್ದೆಷ್ಟೋ.

ಸಂಜೆ ತಾಯಂದಿರು ಬಂದರು, ಬೆರಳ ತುದಿ ಕಪ್ಪಾಗಿ.
ಹೆಜ್ಜೆಯನ್ನು ತುಳಿಯದೆ, ಸುತ್ತು ಹಾಕಿ,
ಒದ್ದೆ ಮಕ್ಕಳನ್ನು ಸೊಂಟಕ್ಕೇರಿಸಿ ನಡೆದರು.
ಐದರ ಮೇಲೆ ಈ ದಾರಿಯಲ್ಲಿ ಯಾರೂ ನಿಲ್ಲುವುದಿಲ್ಲ.

ಸಾಮಾನಿನ ಪುಸ್ತಕ ತೆರೆದು ಒಂದೊಂದೇ ಗೀಟು ಹಾಕಿದೆ:
ಬ್ಲಾಕು ಇಪ್ಪತ್ತನಾಲ್ಕು. ಮಣಿದಾರ ಎರಡು.
ನೀಲಿ ಆನೆ ಒಂದು,
ಷರಾ: ಬಳಕೆಯಲ್ಲಿದೆ.