ಸಾವೆಲಿಗೆ, ಮನೆ ಹಿಡಿಯುವ ಮೊದಲು

ಕೂತುಕೋ. ಚಹಾ ಆರುವುದರೊಳಗೆ ಹೇಳಿ ಮುಗಿಸುತ್ತೇನೆ.
ನಾಲ್ಕೂವರೆಗೆ ನನ್ನ ಮೂರನೇ ನಂಬರ್ ಟ್ರ್ಯಾಮು
ಡಿಪೋ ಬಿಡಬೇಕು, ಹೊರಗೆ ಹಳಿಯ ಮೇಲೆ ಆಗಲೇ ಹಿಮ.

ದೊಡ್ಡ ಜಾಗಕ್ಕೆ ಚೀಟಿ ಹಾಕಬೇಡ.
ಸಾವಿರ ಜನ ಹಾಕುತ್ತಾರೆ, ಸಾವಿರದೊಂದನೆಯವನಾಗಿ ನೀನು
ಕೈ ಬೀಸಿಕೊಂಡು ವಾಪಸ್ ಬರುತ್ತೀಯ.
ಚಿಕ್ಕದು ನೋಡು, ಗಂಟೆಗೋಪುರದ ಆಚೆ,
ಬೆನ್ನಿಗೆ ಬಂಡೆ ಇರುವಂಥದು.
ಬಂಡೆ ಇದ್ದ ಕಡೆ ಯಾವ ಪುಣ್ಯಾತ್ಮನೂ
ನಿನ್ನ ಕಿಟಕಿಗೆ ಅಡ್ಡ ಗುಲಾಬಿ ಅರಮನೆ ಎಬ್ಬಿಸಲಾರ.
ಬಂದರಿನ ಓಣಿ ಬೇಡ. ಅಲ್ಲಿ ಗದ್ದಲ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಇಲ್ಲಿ ಕಟ್ಟುವುದು ಒಂದು ಒತ್ತು ಅಷ್ಟೇ,
ತುಂಬುವುದರಲ್ಲಿ ಜೀವ ಹೋಗುತ್ತದೆ.
ಇನ್ನೂರು ವಸ್ತು ಮಿತಿ.
ಲೆಕ್ಕಕ್ಕೆ ಚಮಚವೂ ಒಂದು, ಮಂಚವೂ ಒಂದು.
ಹಾಗಾಗಿ ಬಡಿಸಿಟ್ಟ ಮೇಜನ್ನೇ ಕೊಂಡುಬಿಡು,
ತಟ್ಟೆ, ಬ್ರೆಡ್ಡು, ಅರ್ಧ ತಿಂದ ಮೀನು ಸೇರಿ ಒಂದೇ.
ದೀಪ ಆರು ಸಾಕು. ಏಳನೆಯದು ಹಚ್ಚಿದರೆ
ಮೊದಲನೆಯದು ಆರುತ್ತದೆ. ಯಾಕೆಂದು ಕೇಳಬೇಡ,
ನಮ್ಮ ಮೆಟ್ಟಿಲ ದೀಪಗಳೂ ಹಾಗೇ ಅಲ್ಲವೇ.

ಇನ್ನು ಗುಟ್ಟು:
ಕಪಾಟಿನ ಮೇಲೆ ಹಲಗೆ ಇಡು,
ಕಪಾಟನ್ನು ಮೆಲ್ಲಗೆ ಎಳೆದುಬಿಡು.
ಹಲಗೆ ಗಾಳಿಯಲ್ಲೇ ನಿಲ್ಲುತ್ತದೆ,
ಬೀಳಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ.
ಒಂದೊಂದೇ ಹಲಗೆ, ಅಟ್ಟವಾಗುತ್ತದೆ.

ಹನ್ನೊಂದು ವರ್ಷದಿಂದ ಈ ಅಡುಗೆಮನೆಗೆ ಬಾಡಿಗೆ ಕಟ್ಟುತ್ತಿದ್ದೇನೆ,
ಓಸ್ವಾಲ್ಡ್ಸ್ ಒಂದು ಮೊಳೆ ಹೊಡೆಯಲು ಬಿಟ್ಟಿಲ್ಲ.
ಅಮ್ಮನ ಫೋಟೋ ಫ್ರಿಜ್ಜಿನ ಮೇಲೆ ಒರಗಿದೆ,
ಲಾರಿ ಹೋದಾಗಲೆಲ್ಲ ಬೋರಲು ಬೀಳುತ್ತದೆ.
ಆ ಮನೆ ಸಿಕ್ಕ ಮೊದಲ ರಾತ್ರಿ ನಾನು ಬೇರೇನೂ ಮಾಡಲಿಲ್ಲ,
ಚಿತ್ರ ತೂಗುಹಾಕಿದೆ, ತೆಗೆದೆ, ಒಂದು ಗೇಣು ಆಚೆ ತೂಗುಹಾಕಿದೆ.
ಗೋಡೆಗೆ ಗಾಯವೇ ಆಗಲಿಲ್ಲ.

ಇದನ್ನೆಲ್ಲ ಕಲಿಸಿದವನು ಪಕ್ಕದ ಮನೆಯ ಬಾಲ್ದೊಮೆರೊ.
ಪುಂಟಾ ಅರೆನಾಸಿನವನು, ಏಡಿ ಹಿಡಿಯುವ ದೋಣಿಯಲ್ಲಿ ಅಡುಗೆಯವನು.
ಪಾಳಿ ಮುಗಿಸಿ ಬಂದ ನನ್ನ ನಡುರಾತ್ರಿ ಅವನ ಸಂಜೆ ಏಳು.
ನನ್ನ ಭಾಷೆ ಅವನಿಗೆ ಬರದು, ಅವನದು ನನಗೆ ಬರದು,
ನಡುವೆ ಒಂದು ಯಂತ್ರ ಅನುವಾದ ಮಾಡುತ್ತದೆ.
"ನಿನ್ನ ಚಾವಣಿ ಹಸಿದ ಅತ್ತೆ" ಎಂದ ಒಮ್ಮೆ.
ಏನು ಹೇಳಹೊರಟಿದ್ದನೋ ಇವತ್ತಿಗೂ ತಿಳಿಯದು,
ಆದರೂ ಚಾವಣಿಯ ಬಣ್ಣ ಬದಲಿಸಿದೆ.

ಕಡೆಯ ನಿಯಮ ನಿನಗೂ ಗೊತ್ತಿರಬೇಕು.
ನಲವತ್ತೈದು ದಿನ ಒಡೆಯ ಹೊಸಿಲು ದಾಟದಿದ್ದರೆ
ಮನೆ ನೆಲಸಮ, ಜಾಗ ಮತ್ತೆ ಚೀಟಿಗೆ.
ಅವನ ಬಾಗಿಲ ಕೀಲಿ ನನ್ನ ಹತ್ತಿರ ಇದೆ.
ಹೋಗುತ್ತೇನೆ. ಅಂಗಳದ ಕೋಳಿಗೆ ಕಾಳು ಹಾಕುತ್ತೇನೆ,
ಅವನ ಕುರ್ಚಿಯಲ್ಲಿ ಕೂತು ಏಳುತ್ತೇನೆ.
ನನ್ನ ಹೆಜ್ಜೆ ಲೆಕ್ಕಕ್ಕಿಲ್ಲ.
ಒಂದು ಚಮಚ ಲೆಕ್ಕಕ್ಕಿದೆ, ನನ್ನ ಹೆಜ್ಜೆ ಇಲ್ಲ.
ಸಮುದ್ರಕ್ಕೆ ಹೋದರೆ ಮೂರು ವಾರ ಬರುವುದಿಲ್ಲ ಅವನು, ಸಹಜ.
ಇವತ್ತಿಗೆ ನಲವತ್ತೊಂದು.

ನೋಡು ಸಾವೆಲಿ, ನೀನು ಬಂದದ್ದು ಯಾಕೆಂದು ಬಲ್ಲೆ.
ಬಂದರಿನ ಓಣಿ, ಏಳನೇ ನಂಬರು,
ಖಾಲಿಯಾಗಲಿದೆ ಎಂದು ಯಾರೋ ಹೇಳಿರಬೇಕು.
ಒಳ್ಳೆಯ ಜಾಗ. ಗದ್ದಲ ಅಂದದ್ದು ಸುಳ್ಳು.
ಬೆಳಿಗ್ಗೆ ಬಿಸಿಲು ನೇರ ಅಡುಗೆಮನೆಗೇ ಬೀಳುತ್ತದೆ.

ಚೀಟಿ ಹಾಕಬೇಡ ಅನ್ನುವ ಹಕ್ಕು ನನಗೇನಿದೆ.
ಹಾಕುವುದಾದರೆ ನನಗೆ ಹೇಳಬೇಡ.
ಗೆದ್ದರೆ, ಮೊದಲ ವಾರ ಅಂಗಳದಲ್ಲಿ ಏನೂ ಇಡಬೇಡ.

ಲೋಟ ಅಲ್ಲೇ ಇರಲಿ, ನಾನು ತೊಳೆಯುತ್ತೇನೆ.