ಏಳನೇ ನೆಲಮಾಳಿಗೆ, ಒಂಬತ್ತನೇ ಕ್ರಾಸು

ಎಸ್‌ಪಿ ರೋಡಿನ ಅಂಗಡಿಯವನು ಎರಡು ಸಲ ಒರೆಸಿ ಕೊಟ್ಟ ಪೆಟ್ಟಿಗೆ.
ಕಂಟ್ರೋಲರಿನ ಎಡಗಡೆಯ ಸ್ಟಿಕ್ಕು ಸಡಿಲ,
ಕೈ ಬಿಟ್ಟರೆ ತಾನೇ ಎಡಕ್ಕೆ ನಡೆಯುತ್ತೆ.
"ಇರಲಿ ಬಿಡಪ್ಪ, ಇದು ಸರದಿ ಆಟ,
ಅವಸರ ಇಲ್ಲ," ಅಂದಳು ಕೀರ್ತನ.

ಸರದಿ ಅಂದರೇನು ಅಂತ ನನಗೆ ಹೇಳಿಕೊಡಬೇಕಾ?
ಇಪ್ಪತ್ತೆಂಟು ವರ್ಷದಿಂದ ವಾಲ್ವ್‌ಮನ್ ನಾನು.
ಒಂದು ದಿನ ಓಕಳೀಪುರ, ಒಂದು ದಿನ ಶ್ರೀರಾಂಪುರ,
ಬೆಳಗಿನ ಜಾವ ನಾಲ್ಕಕ್ಕೆ ಒಂಬತ್ತನೇ ಕ್ರಾಸು.
ಆರಡಿ ಕಬ್ಬಿಣದ ಕೀಲಿ, ಹದಿನಾಲ್ಕು ಸುತ್ತು.
ಹದಿನೈದನೆಯದು ತಿರುಗಿಸಿದರೆ
ಮೇಲಿನ ಬೀದಿಯವರು ನನ್ನ ತಾಯಿಯನ್ನು ನೆನೆಯುತ್ತಾರೆ.

ಆಟದಲ್ಲಿ ನಾಲ್ಕು ಜನ. ಹೆಸರು ನಾವೇ ಇಡಬೇಕು.
ಕತ್ತಿ ಹಿಡಿದವಳು ಕೀರ್ತನ, ಬಿಟ್ಟುಕೊಡಲಿಲ್ಲ.
ಮಂತ್ರ ಹಾಕುವವನು ನಮ್ಮ ಹೊಸ ಇಂಜಿನಿಯರು,
ಹಾಕಿದ್ದು ತಗಲುವುದೇ ಅಪರೂಪ.
ಗಾಯ ಮಾಯಿಸುವವಳು ನನ್ನ ಹೆಂಡತಿ ಸಿದ್ದಗಂಗಮ್ಮ
(ಅವಳಿಗೆ ಇನ್ನೂ ಹೇಳಿಲ್ಲ).
ಬೀಗ ಮುರಿಯುವ ಕಳ್ಳನಿಗೆ
ದಾಸಯ್ಯ ಅಂತ ಇಟ್ಟೆ.
ಯಾಕೆ ಅಂತ ಮಗಳು ಕೇಳಲಿಲ್ಲ.

ನಕ್ಷೆ ಕೊಡುವುದಿಲ್ಲ ಈ ಆಟ.
ಕಾಲಿಟ್ಟಷ್ಟೇ ಬೆಳಕು, ಉಳಿದದ್ದು ಕಪ್ಪು.
ನೀರಿನ ಬಿಲ್ಲಿನ ಹಿಂದೆ ಗೀಟು ಹಾಕುತ್ತೇನೆ:
ಇಲ್ಲಿ ಗೋಡೆ, ಇಲ್ಲಿ ಸುಳ್ಳು ಗೋಡೆ,
ಇಲ್ಲಿ ನೆಲ ಕುಸಿಯುತ್ತೆ, ಜೋಪಾನ.
ನಮ್ಮ ಆಫೀಸಿನಲ್ಲೂ ಅಷ್ಟೆ.
ಇಂಜಿನಿಯರು ಟ್ಯಾಬ್ ಹಿಡಿದು ಬಂದಿದ್ದ:
"ಆ ಹಳೇ ವಾಲ್ವು ಎಲ್ಲಿ ಬರುತ್ತೆ?"
ಇಡ್ಲಿ ಗಾಡಿಯ ಹಿಂದಿನ ಚಕ್ರದ ಕೆಳಗೆ, ಸರ್.
ಮೂರು ಸಲ ಡಾಂಬರು ಬಿದ್ದಿದೆ, ಕಾಲಿಗೆ ಗೊತ್ತಾಗುತ್ತೆ.
ಅದನ್ನು ಹೇಗೆ ಬರೆದುಕೊಂಡನೋ.

ಐದನೇ ನೆಲಮಾಳಿಗೆಯಲ್ಲಿ ದಾಸಯ್ಯ ಸತ್ತ.
ಪೆಟ್ಟಿಗೆಯ ಮುಚ್ಚಳ ಎತ್ತಿದ, ಹಸಿರು ಹೊಗೆ.
ಮೇಲಕ್ಕೆ ಹೊತ್ತು ತಂದೆವು. ಊರ ಗುಡಿಯಲ್ಲಿ
ಮುನ್ನೂರು ಚಿನ್ನ ಕೇಳಿದರು, ಕೊಟ್ಟೆವು.
ಎದ್ದು ಕೂತ. ತಲೆಯ ಟೋಪಿ ಕೂಡ ಬಿದ್ದಿರಲಿಲ್ಲ.
"ಅಷ್ಟೇನಾ?" ಅಂದೆ.
"ಅಷ್ಟೇ ಅಪ್ಪ."
ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.
ಆವತ್ತು ಮಾಗಡಿ ರೋಡಿನ ಗುಂಡಿಗೆ
ಮೊದಲು ಇಳಿಯಬೇಕಿದ್ದವನು ನಾನು.
ಬೀಡಿ ಮುಗಿದಿರಲಿಲ್ಲ.
"ಸೇದು, ನಾನು ನೋಡ್ತೀನಿ," ಅಂದಿದ್ದ.

ನಿನ್ನೆ ರಾತ್ರಿ ಏಳನೆಯದು.
ಬಾಗಿಲ ಹಿಂದೆ ಮೂರು ತಲೆಯ ಎಮ್ಮೆಯಂಥದ್ದು
ಬಾಯಿ ತೆರೆದು ನಿಂತಿದೆ.
ಸಿದ್ದಗಂಗಮ್ಮನ ಜೀವ ನಾಲ್ಕಕ್ಕೆ ಇಳಿದಿದೆ,
ಇಂಜಿನಿಯರು ಗೊರಕೆ ಹೊಡೆಯುತ್ತಿದ್ದಾನೆ.
ನನ್ನ ಸರದಿ.
ಗಡಿಯಾರ ನೋಡಿದರೆ ಮೂರೂ ಮುಕ್ಕಾಲು.

ಕೀಲಿ ಹೆಗಲಿಗೇರಿಸಿ ಹೊರಟೆ.
ನಾಯಿಗಳಿಗೆ ನನ್ನ ಗುರುತು, ಬಾಲವಷ್ಟೇ ಆಡಿಸುತ್ತವೆ.
ಕೊಡಗಳು ಆಗಲೇ ಸಾಲು ನಿಂತಿವೆ:
ಹಸಿರು, ನೀಲಿ, ನೀಲಿ, ಒಂದು ಪೇಂಟಿನ ಡಬ್ಬ.
ಒಡತಿಯರಿಗೆ ಇನ್ನೂ ಸಕ್ಕರೆ ನಿದ್ದೆ.
ಹದಿನಾಲ್ಕು ಸುತ್ತು.
ನೆಲದೊಳಗೆ ಮೊದಲು ಗಾಳಿ ಕೆಮ್ಮಿತು,
ಆಮೇಲೆ ನೀರು.

ವಾಪಸು ಬಂದರೆ ಟಿವಿ ಇನ್ನೂ ಉರಿಯುತ್ತಿದೆ,
ಎಮ್ಮೆ ಬಾಯಿ ಮುಚ್ಚಿಲ್ಲ.
ಇಷ್ಟು ಮರ್ಯಾದಸ್ಥ ಪಿಶಾಚಿಯನ್ನು
ಈ ಊರಿನಲ್ಲಿ ನಾನು ಕಂಡಿಲ್ಲ.
ಕಂಬಳಿಯೊಳಗಿಂದ ಕೀರ್ತನ:
"ನಾನು ಮುಟ್ಟಿಲ್ಲ. ಇನ್ನೊಂದೇ ಏಟು, ಹೊಡಿ ಅಪ್ಪ."

ಹೊಡಿ, ಮಂತ್ರ, ತಡೆ, ಚೀಲ, ಓಡು.
ಐದೇ ಮಾತು, ಅವಳೇ ಕಲಿಸಿದ್ದು.
ದಾಸಯ್ಯ ಎಲ್ಲರಿಗಿಂತ ಮುಂದೆ ನಿಂತಿದ್ದಾನೆ, ಎಂದಿನಂತೆ.

ಓಡು ಒತ್ತಿದೆ.
"ಅಯ್ಯೋ!" ಅಂತ ಎದ್ದು ಕೂತಳು.
ದಾರಿ ಸಿಗಲಿಲ್ಲ ಅಂತ ಬಂತು.
ಎಮ್ಮೆಯ ಸರದಿ. ಗುರಿ ತಪ್ಪಿತು.
ಮತ್ತೆ ಒತ್ತಿದೆ.

ಈಗ ಬಿಲ್ಲಿನ ಹಿಂದಿನ ಗೀಟು ನೋಡುತ್ತಾ
ಏಳರಿಂದ ಆರಕ್ಕೆ ಹತ್ತುತ್ತಿದ್ದೇವೆ.
ಸ್ಟಿಕ್ಕು ಎಡಕ್ಕೆ ಎಳೆಯುತ್ತೆ, ಬಲಕ್ಕೆ ತಿದ್ದುತ್ತೇನೆ.
ದಾಸಯ್ಯನನ್ನು ನಡುವೆ ನಿಲ್ಲಿಸಿದ್ದೇನೆ.
ಮಗಳು ಮಾತಾಡುತ್ತಿಲ್ಲ.
ನಮ್ಮ ಬೀದಿಗೆ ನೀರು ನಾಳಿದ್ದು.