ಬರ್ಫದ ಲೆಕ್ಕ

ತೊರವಿ ರಸ್ತೆಯ ಬಯಲಲ್ಲಿ ಇನ್ನೂ ಏಳದ ಮನೆಗೆ
ಎಷ್ಟು ತಂಪು ಬೇಕೆಂದು ಹೇಳಲು ಹೋಗಿದ್ದೆ.
ಮೇ ತಿಂಗಳು. ಸುಣ್ಣದ ಗೆರೆಗಳೇ ಕೋಣೆಗಳು.
ಬಾಗಿಲೆಂದು ಬಿಟ್ಟ ಜಾಗದಿಂದಲೇ ಒಳಗೆ ಬಂದೆ,
ಗೋಡೆ ಇಲ್ಲದಿದ್ದರೂ
ಗೋಡೆ ದಾಟುವುದು ಸರಿಯೆನಿಸಲಿಲ್ಲ.

ಮಕ್ತುಮಸಾಬ ಬರ್ಫವಾಲೆ ಕೊಡೆ ಹಿಡಿದರು,
ನನಗಲ್ಲ, ನನ್ನ ಲ್ಯಾಪ್‌ಟಾಪಿಗೆ.
"ವರ್ಷದ ಕೊನಿಗೆ ಮೀಟರ ಸೊನ್ನಿಗೆ ನಿಲ್ಲಬೇಕಂತಾನ ಮಗ.
ನಮ್ಮ ಧಂದೇದಾಗ ಸೊನ್ನಿ ಅಂದ್ರ ದಿವಾಳಿರಿ ಬಾಯಾರ."
ಮಾಳಿಗೆಯ ಫಲಕ, ಕಂಬದ ಕರೆಂಟು,
ಕೊಟ್ಟದ್ದು, ತಗೊಂಡದ್ದು, ಅರ್ಧ ಗಂಟೆ ವಿವರಿಸಿದೆ.
"ಅಂದ್ರ ರಾತ್ರಿ ಉದ್ರಿ, ಹಗಲಿಗೆ ತೀರಿಸೂದು," ಅಂದರು.
ಮುಂದಿನ ಸಲ ಹೀಗೇ ಹೇಳಬೇಕು.

ಪಡುವಣ ಗೋಡೆ ಎಷ್ಟುದ್ದ?
ಮೂರರ ಬಿಸಿಲು ಕಲ್ಲೊಳಗೆ ನಡೆದು ನಡೆದು
ಮಂದಿ ಮಲಗುವ ಹೊತ್ತಿಗೆ ಒಳಗೆ ಬರುತ್ತದೆ.
"ಗೊತ್ತೈತಿ. ನಮ್ಮ ಹಳೀ ಮನಿ ಗ್ವಾಡಿ
ಹನ್ನೊಂದಕ್ಕೂ ರೊಟ್ಟಿ ಹಂಚು."

ಕಿಟಕಿ, ನೆರಳು, ಸೂರಿನ ಬಣ್ಣ, ಒಲೆ, ಫ್ರಿಜ್ಜು,
ಎಲ್ಲ ತುಂಬಿದ ಮೇಲೆ ಅಂಕಿ ಬಂತು:
ಎರಡೂಮುಕ್ಕಾಲು ಟನ್.

"ಟನ್ ಅಂದ್ರ?"
ಒಂದು ದಿನದಲ್ಲಿ ಒಂದು ಟನ್ ಬರ್ಫ
ಕರಗಿ ನುಂಗುವಷ್ಟು ಬಿಸಿ.
"ನಮ್ಮ ಬರ್ಫ?"
ನಿಮ್ಮದೇ.

ನಲವತ್ತು ವರ್ಷ ಬರ್ಫ ಮಾರಿದ ಮನುಷ್ಯ
ಕೊಡೆ ಮಡಿಚಿ ಗೆರೆಯ ಮೇಲೆ ಕುಳಿತರು.
ಆಮೇಲೆ ಲೆಕ್ಕ ಅವರದು, ಬೆರಳು ನನ್ನದು.
ಅವರಪ್ಪನ ಕೈಗಾಡಿ ಸ್ಟೇಷನ್ನಿನಿಂದ ಹೊರಟರೆ
ಮೂರು ಲಾದಿಯಲ್ಲಿ ಎರಡೂವರೆ
ಗಾಂಧಿ ಚೌಕದ ಸೋಡಾ ಅಂಗಡಿ ಮುಟ್ಟುತ್ತಿತ್ತು,
ಉಳಿದರ್ಧ ನೆಕ್ಕುತ್ತ ಹಿಂದೆ ನಾಯಿಗಳು.
ಹೊಟ್ಟಿನಲ್ಲಿ ಹುಗಿದು ತಟ್ಟು ಹೊದಿಸಿದ ದಿನ
ನಾಯಿಗಳಿಗೆ ಉಪವಾಸ.
"ಪಡುವಣ ಗ್ವಾಡಿ ಎರಡು ಮಾಡ್ರಿ,
ನಡುವ ಹೊಟ್ಟು ತುಂಬ್ರಿ."
ತುಂಬಿದೆ. ಎರಡಕ್ಕೆ ಸ್ವಲ್ಪ ಕಡಿಮೆ.

ಚಳಿಗೆ? ಆ ಖಾನೆ ಖಾಲಿ ಬಿಡಲು ಬರುವುದಿಲ್ಲ.
ಜೀಪಿನ ನೆರಳಲ್ಲಿ ಕುಳಿತಿದ್ದ ಮಾಲನಬಿ ಅಂದರು:
"ಡಿಸೆಂಬರಿಗೆ ಕೌದಿ ಅದಾವ. ಐದು."
ಸೊನ್ನೆ ಬರೆದು, ಷರಾದಲ್ಲಿ ಕೌದಿ ಬರೆದೆ.

ಮನೆಯಲ್ಲಿ ಎಷ್ಟು ಜನ?
"ನಾಲ್ಕು," ಅಂದರು ಅವರು.
"ಐದು ಬರೀರಿ," ನೆರಳಿನ ದನಿ.

ಕೊಡೆಯ ತುದಿ ಮಣ್ಣಲ್ಲಿ ಏನೋ ಗೀಚಿತು.
ನಾನು ಹೆಸರು ಕೇಳಲಿಲ್ಲ,
ತಂತ್ರಾಂಶಕ್ಕೆ ಹೆಸರು ಬೇಕಿಲ್ಲ.
ಸುಮ್ಮನೆ ಕೂತ ಒಂದು ಜೀವ ನೂರು ವ್ಯಾಟ್.

ಬಹಳ ಹೊತ್ತಿನ ಮೇಲೆ ಕೇಳಿದರು:
"ಒಬ್ಬರು ಹೆಚ್ಚಾದ್ರ ಎಷ್ಟು ಬರ್ಫ?"
ದಿನಕ್ಕೆ ಇಪ್ಪತ್ತಾರು ಕಿಲೋ.
"ದಿನಾ?"
ಮನೆಯಲ್ಲಿದ್ದರೆ.

ಐದು ಒತ್ತಿದೆ. ಅಂಕಿ ಕೂದಲೆಳೆಯಷ್ಟು ಜರುಗಿತು.
ಯಂತ್ರಗಳು ಬರುವುದು ಅರ್ಧರ್ಧ ಟನ್ನಿನ ಹೆಜ್ಜೆಯಲ್ಲಿ.
ಸಾಬರೇ, ಎರಡು ಟನ್ನಿನದೇ ಸಾಕು,
ನಾಲ್ಕಕ್ಕೂ ಅದೇ, ಐದಕ್ಕೂ ಅದೇ.
"ಬ್ಯಾರೆ ಖರ್ಚಿಲ್ಲ?"
ಇಲ್ಲ.
ಅವರು ಹೆಂಡತಿಯ ಕಡೆ ನೋಡಲಿಲ್ಲ.

ಜೀಪಿನಿಂದ ತಟ್ಟಿನ ಗಂಟು ತಂದರು.
ನನಗೆ ನೀರಿಗೆ ಒಂದು ಚೂರು ಒಡೆದು,
ಉಳಿದ ತುಂಡನ್ನು ಹೊತ್ತು ಹೋಗಿ
ಮೂಡಣ ಮೂಲೆಯ ಸಣ್ಣ ಚೌಕದಲ್ಲಿಟ್ಟರು.
ನಕ್ಷೆಯಲ್ಲಿ ಅದು ಉಗ್ರಾಣ.
"ಇಲ್ಲಿ ಎಷ್ಟೊತ್ತು ತಡೀತೈತಿ ನೋಡೂಣು."

ಗೋಡೆಯಿಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ.
ಆದರೂ ಗಡಿಯಾರ ನೋಡಿ ಬರೆದುಕೊಂಡೆ:
ಹನ್ನೆರಡೂ ನಲವತ್ತು.